ಕಾಲು ಬಾಗುವ ಮೊದಲೇ ಹೃದಯ ಸೋಲುತ್ತದೆ: ಮಕ್ಕಳ ಆರೋಗ್ಯದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಆರೋಗ್ಯದ ಯೋಜನೆ ಮಾಡುವ ಅಧಿಕಾರಿಗಳಿಗೆ, ಹೆರಿಗೆ ಆಸ್ಪತ್ರೆ ನಡೆಸುವವರಿಗೆ, ಜೊತೆಗೆ ದಿನಾ ಕೂಸುಗಳನ್ನು ನೋಡುವ ಡಾಕ್ಟರುಗಳಿಗೆ, ನರ್ಸುಗಳಿಗೆ,

ನಮಸ್ಕಾರ.

ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಬಾಗಿದ ಕಾಲು. ದಪ್ಪಗಾದ ಮಣಿಕಟ್ಟು. ನಡೆಯಲು ತಡ ಮಾಡಿದ ಒಂದೂವರೆ, ಎರಡು ವರ್ಷದ ಮಗು. ಪಠ್ಯಪುಸ್ತಕದಲ್ಲಿ ಅದೇ ಫೋಟೊ, ಪರೀಕ್ಷೆಯಲ್ಲಿ ಅದೇ ಪ್ರಶ್ನೆ. ಇದು ಮೂಳೆಯ ಕಾಯಿಲೆ, ನಿಧಾನಕ್ಕೆ ಬರುವ ಕಾಯಿಲೆ, ಔಷಧಿ ಕೊಟ್ಟರೆ ಸರಿಹೋಗುತ್ತದೆ, ಜೀವಕ್ಕೇನೂ ಅಪಾಯ ಇಲ್ಲ ಅನ್ನುವ ಒಂದು ನೆಮ್ಮದಿ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಆ ನೆಮ್ಮದಿ ಕೆಡಿಸಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕೈದು ತಿಂಗಳ ಕೂಸಿನಲ್ಲಿ ಇದೇ ವಿಟಮಿನ್ ಡಿ ಕೊರತೆ ಹೃದಯಕ್ಕೇ ಕೈ ಹಾಕುತ್ತದೆ. ಆ ವಯಸ್ಸಿನ ಮಗು ಇನ್ನೂ ನಿಂತಿರುವುದೇ ಇಲ್ಲ, ಕಾಲು ಬಾಗುವುದು ಎಲ್ಲಿಂದ? ಅಷ್ಟರಲ್ಲಿ ಹೃದಯ ಹಿಗ್ಗಿ, ಬಡಿತ ಸೋತು, ಕೆಲವು ಮಕ್ಕಳಲ್ಲಿ ನಿಂತೇ ಹೋಗಿರುತ್ತದೆ.

ನಾನು ಮಕ್ಕಳ ಐಸಿಯುವಿನಲ್ಲಿ ಕೆಲಸ ಮಾಡುವ ಡಾಕ್ಟರು. ಇಂಥ ಮಕ್ಕಳು ಹೇಗೆ ಬರುತ್ತವೆ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲೇ ಎಲ್ಲರೂ ದಾರಿ ತಪ್ಪುವುದು.

ಮಗುವಿಗೆ ಎರಡು ದಿನದಿಂದ ಸಣ್ಣ ನೆಗಡಿ ಇರುತ್ತದೆ. ಹಾಲು ಸರಿಯಾಗಿ ಕುಡಿಯುತ್ತಿಲ್ಲ ಅಂತ ತಾಯಿ ಹೇಳುತ್ತಾಳೆ. ಬಿಡಿಸಿ ಕೇಳಿದರೆ ನಿಜವಾದ ವಿಷಯ ಹೊರಗೆ ಬರುತ್ತದೆ: ಕೂಸು ಆಸೆಯಿಂದ ಎದೆಗೆ ಬಾಯಿ ಹಾಕುತ್ತದೆ, ನಾಲ್ಕು ಗುಟುಕು ಎಳೆಯುತ್ತದೆ, ಬಿಟ್ಟು ಏದುಸಿರು ಬಿಡುತ್ತದೆ, ಮತ್ತೆ ಬಾಯಿ ಹಾಕುತ್ತದೆ, ಮತ್ತೆ ಬಿಡುತ್ತದೆ. ಹಣೆಯ ಮೇಲೆ, ತಲೆಗೂದಲ ಬುಡದಲ್ಲಿ ಬೆವರು ನಿಂತಿರುತ್ತದೆ. ಉಳಿದ ಮೈ ತಣ್ಣಗೆ. ಹೊಟ್ಟೆ ಮುಟ್ಟಿ ನೋಡಿದರೆ ಪಕ್ಕೆಲುಬಿನ ಕೆಳಗೆ ಲಿವರ್ ಕೈಗೆ ಸಿಗುತ್ತದೆ. ಉಸಿರು ನಿಮಿಷಕ್ಕೆ 60, 70ರ ಮೇಲೆ ಓಡುತ್ತಿರುತ್ತದೆ. ಇಂಥ ಮಗುವನ್ನು ನೋಡಿದ ಯಾರಿಗಾದರೂ ಮೊದಲು ಹೊಳೆಯುವುದು ನ್ಯುಮೋನಿಯಾ, ಇಲ್ಲವೇ ಶ್ವಾಸಕೋಶದ ಸಣ್ಣ ನಳಿಕೆಗಳು ಊದಿಕೊಳ್ಳುವ ಬ್ರಾಂಕಿಯೋಲೈಟಿಸ್. ಆಂಟಿಬಯೋಟಿಕ್ ಶುರುವಾಗುತ್ತದೆ, ನೆಬ್ಯುಲೈಸೇಷನ್ ಶುರುವಾಗುತ್ತದೆ. ಎದೆಯ ಎಕ್ಸ್‌ರೇ ತೆಗೆದಾಗ ಹೃದಯ ಎದೆಗೂಡನ್ನೇ ತುಂಬಿಕೊಂಡು ಕೂತಿರುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಎಡಗಡೆಯ ಕೋಣೆ ಹಿಗ್ಗಿದೆ, ಗೋಡೆ ಅಲ್ಲಾಡುತ್ತಿದೆಯೋ ಇಲ್ಲವೋ ಅನ್ನುವಷ್ಟು ಸುಸ್ತಾಗಿದೆ. ರಿಪೋರ್ಟಿನಲ್ಲಿ ಡೈಲೇಟೆಡ್ ಕಾರ್ಡಿಯೊಮಯೋಪತಿ, ಅಂದರೆ ಹೃದಯ ಹಿಗ್ಗಿ ಸ್ನಾಯು ಸೋತ ಸ್ಥಿತಿ, ಅಂತ ಬರೆಯುತ್ತಾರೆ. ವೈರಸ್‌ನಿಂದ ಬಂದ ಮಯೋಕಾರ್ಡೈಟಿಸ್ (ಹೃದಯದ ಸ್ನಾಯುವಿನ ಉರಿಯೂತ) ಇರಬೇಕು ಅಂತ ಪಕ್ಕದಲ್ಲಿ ಸೇರಿಸುತ್ತಾರೆ. ನೆಗಡಿ ಇತ್ತಲ್ಲ, ಅದಕ್ಕೇ ಹೊಂದಿಕೊಂಡೂ ಬಿಡುತ್ತದೆ.

ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಯಾರೂ ಕೇಳಿರುವುದಿಲ್ಲ.

ಬೇಸರದ ಸಂಗತಿ ಏನೆಂದರೆ ಎಷ್ಟೋ ಸಲ ಆ ಉತ್ತರ ಕೈಯಲ್ಲೇ ಇರುತ್ತದೆ. ಐಸಿಯುವಿಗೆ ಬಂದ ಮಗುವಿಗೆ ಬ್ಲಡ್ ಗ್ಯಾಸ್ ಅನ್ನುವ ರಕ್ತ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಮಷೀನಿನಿಂದ ಒಂದು ಸಣ್ಣ ಚೀಟಿ ಬರುತ್ತದೆ. ಎಲ್ಲರ ಕಣ್ಣು ಪಿಎಚ್ ಮೇಲೆ, ಕಾರ್ಬನ್ ಡೈಆಕ್ಸೈಡ್ ಮೇಲೆ, ಲ್ಯಾಕ್ಟೇಟ್ ಮೇಲೆ. ಅದೇ ಚೀಟಿಯ ಕೆಳಗೆ, ಸೋಡಿಯಂ ಪೊಟ್ಯಾಸಿಯಂ ಸಾಲುಗಳ ಹತ್ತಿರ, ಅಯನೈಸ್ಡ್ ಕ್ಯಾಲ್ಸಿಯಂ (ರಕ್ತದ ಒಟ್ಟು ಕ್ಯಾಲ್ಸಿಯಂನಲ್ಲಿ ಬಿಡಿಯಾಗಿದ್ದು ದೇಹದ ಕೆಲಸಕ್ಕೆ ಸಿಗುವ ಭಾಗ) ಅಂತ ಒಂದು ಸಾಲನ್ನು ಈಗಿನ ಹೆಚ್ಚಿನ ಮಷೀನುಗಳು ಅಚ್ಚು ಹಾಕುತ್ತವೆ. ಅದು ಸಾಮಾನ್ಯವಾಗಿ ಲೀಟರಿಗೆ 1.1ರಿಂದ 1.3 ಮಿಲಿಮೋಲ್ ಇರಬೇಕು. ಈ ಮಕ್ಕಳಲ್ಲಿ ಅದು 0.6, 0.7 ಅಂತ ಇರಬಹುದು. ಆ ಸಾಲನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಸಾಕು, ಮಗುವಿನ ಇಡೀ ಚಿಕಿತ್ಸೆ ದಿಕ್ಕು ಬದಲಾಗುತ್ತದೆ.

ಕ್ಯಾಲ್ಸಿಯಂಗೂ ಹೃದಯಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳಬೇಕು. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ದೇಹದಿಂದ ಹೊರಗಿಟ್ಟು, ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಮಾಡಿದ್ದ. ಡಿಸ್ಟಿಲ್ ಮಾಡಿದ ನೀರಿನಲ್ಲಿ ಉಪ್ಪು ಕಲಸಿದ್ದೇನೆ ಅಂತಲೇ ಅವನು ನಂಬಿದ್ದ. ಆಮೇಲೆ ಗೊತ್ತಾಯಿತು, ಅದು ನಲ್ಲಿ ನೀರು. ಆ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ನಿಜವಾಗಿ ಡಿಸ್ಟಿಲ್ ಮಾಡಿದ ನೀರಿನಲ್ಲಿ ದ್ರಾವಣ ತಯಾರಿಸಿದಾಗ ಹೃದಯದ ಬಡಿತ ಕುಗ್ಗುತ್ತಾ ಹೋಗಿ ನಿಂತುಬಿಟ್ಟಿತು. ಕ್ಯಾಲ್ಸಿಯಂ ಸೇರಿಸಿದಾಗ ಮತ್ತೆ ಬಡಿಯಿತು. 1883ರಲ್ಲಿ ಅವನು ಇದನ್ನು ಪ್ರಕಟಿಸಿದ. ಹೃದಯದ ಸ್ನಾಯು ಕುಗ್ಗಬೇಕಾದರೆ ಕ್ಯಾಲ್ಸಿಯಂ ಬೇಕೇ ಬೇಕು ಅನ್ನುವುದು ಅಷ್ಟು ಹಿಂದೆಯೇ ಗೊತ್ತಾಗಿದೆ.

ದೊಡ್ಡವರಿಗಿಂತ ಕೂಸಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ದೊಡ್ಡವರ ಹೃದಯದ ಜೀವಕೋಶದ ಒಳಗೆ ಕ್ಯಾಲ್ಸಿಯಂನ ಒಂದು ದಾಸ್ತಾನು ಇರುತ್ತದೆ. ಪ್ರತಿ ಬಡಿತಕ್ಕೂ ಹೊರಗಿನಿಂದ ಸ್ವಲ್ಪ ಒಳಗೆ ಬಂದರೆ ಸಾಕು, ಉಳಿದದ್ದು ಈ ದಾಸ್ತಾನಿನಿಂದ ಬಿಡುಗಡೆಯಾಗುತ್ತದೆ. ಹಸುಗೂಸಿನ ಹೃದಯದಲ್ಲಿ ಈ ವ್ಯವಸ್ಥೆ ಇನ್ನೂ ಬೆಳೆದಿರುವುದಿಲ್ಲ. ಅದು ತನ್ನ ಸುತ್ತ ಹರಿಯುವ ರಕ್ತದ ಕ್ಯಾಲ್ಸಿಯಂ ಮೇಲೇ ಹೆಚ್ಚಾಗಿ ನಂಬಿಕೊಂಡಿರುತ್ತದೆ. ರಕ್ತದಲ್ಲಿ ಅದು ಇಳಿದರೆ ಬಡಿತದ ಬಲವೂ ಇಳಿಯುತ್ತದೆ.

ಇನ್ನು ರಕ್ತದಲ್ಲಿ ಯಾಕೆ ಇಳಿಯುತ್ತದೆ? ಹೊಟ್ಟೆಯಲ್ಲಿರುವಾಗ ತಾಯಿಯ ರಕ್ತದಿಂದ ಪ್ಲಾಸೆಂಟಾ ಕ್ಯಾಲ್ಸಿಯಂ ಎಳೆದು ಮಗುವಿಗೆ ಕೊಡುತ್ತಿರುತ್ತದೆ. ಹುಟ್ಟಿದ ಮೇಲೆ ಮಗು ತನ್ನ ಕರುಳಿನಿಂದಲೇ ಅದನ್ನು ಹೀರಿಕೊಳ್ಳಬೇಕು, ಅದಕ್ಕೆ ವಿಟಮಿನ್ ಡಿ ಬೇಕು. ಹುಟ್ಟುವಾಗ ಇರುವ ವಿಟಮಿನ್ ಡಿ ಪೂರ್ತಿ ತಾಯಿಯಿಂದ ಬಂದದ್ದು. ತಾಯಿಯಲ್ಲೇ ಕಮ್ಮಿ ಇದ್ದರೆ ಮಗು ಕಮ್ಮಿಯಲ್ಲೇ ಜೀವನ ಶುರು ಮಾಡುತ್ತದೆ. ರಕ್ತದಲ್ಲಿರುವ ವಿಟಮಿನ್ ಡಿ ಎರಡು ಮೂರು ವಾರಕ್ಕೆ ಅರ್ಧ ಆಗುತ್ತದೆ. ಹೊಸದಾಗಿ ಸೇರದಿದ್ದರೆ ಎರಡು ತಿಂಗಳಾಗುವಷ್ಟರಲ್ಲಿ ಬಹುಪಾಲು ಖಾಲಿ. ಅದೇ ಹೊತ್ತಿನಲ್ಲಿ ಮಗು ಬೆಳೆಯುವ ವೇಗ ನೋಡಿ: ಒಂದು ವರ್ಷದಲ್ಲಿ ತೂಕ ಮೂರು ಪಟ್ಟು, ಉದ್ದ ಸುಮಾರು 25 ಸೆಂಟಿಮೀಟರ್ ಜಾಸ್ತಿ. ಆ ಮೂಳೆಗಳೆಲ್ಲ ಕ್ಯಾಲ್ಸಿಯಂ ಕೇಳುತ್ತವೆ. ಪ್ಯಾರಾಥೈರಾಯ್ಡ್ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕಿ ಸ್ವಲ್ಪ ದಿನ ಹೇಗೋ ಸಂಭಾಳಿಸುತ್ತದೆ. ಅದೂ ಸಾಲದಾದಾಗ ಒಂದು ನೆಗಡಿ, ಒಂದು ಜ್ವರ ಸಾಕು.

ಮೂರರಿಂದ ಎಂಟು ತಿಂಗಳ ನಡುವಿನ ಮಕ್ಕಳೇ ಹೆಚ್ಚಾಗಿ ಹೀಗೆ ಬರುವುದು ಅದಕ್ಕೇ.

ಇದು ಯಾವುದೋ ಅಪರೂಪದ ಕುತೂಹಲ ಅಂತ ತಳ್ಳಿಹಾಕುವವರು 2008ರಲ್ಲಿ 'ಹಾರ್ಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವರದಿ ನೋಡಬೇಕು. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ 2000ದಿಂದ 2006ರವರೆಗೆ ವಿಟಮಿನ್ ಡಿ ಕೊರತೆ ಮತ್ತು ಕ್ಯಾಲ್ಸಿಯಂ ಕೊರತೆಯಿಂದ ಹೃದಯ ವೈಫಲ್ಯ ಆದ 16 ಕೂಸುಗಳ ದಾಖಲೆ ಅದು. ಅಷ್ಟು ಆಸ್ಪತ್ರೆ, ಅಷ್ಟು ಅನುಕೂಲ ಇರುವ ಜಾಗ. 16ರಲ್ಲಿ 6 ಮಕ್ಕಳ ಹೃದಯ ಪೂರ್ತಿ ನಿಂತಿತ್ತು. 3 ಮಕ್ಕಳು ತೀರಿಕೊಂಡವು. 8 ಮಕ್ಕಳಿಗೆ ವೆಂಟಿಲೇಟರ್ ಬೇಕಾಯಿತು. ಇಬ್ಬರನ್ನು ಹೃದಯ ಕಸಿಗೆ ಅಂತ ಕಳಿಸಿದ್ದರು. ಒಂದು ನಿಮಿಷ ಯೋಚಿಸಿ: ದಿನಕ್ಕೆ ಒಂದು ಹನಿ ವಿಟಮಿನ್ ಸಿಕ್ಕಿದ್ದರೆ ಈ ಸ್ಥಿತಿಗೇ ಬರದೆ ಇರಬಹುದಾಗಿದ್ದ ಮಗುವಿಗೆ ಬೇರೆ ಮಗುವಿನ ಹೃದಯ ಜೋಡಿಸುವ ಮಾತು ನಡೆದಿತ್ತು. ಆ ಮಕ್ಕಳ ರಕ್ತದ ಒಟ್ಟು ಕ್ಯಾಲ್ಸಿಯಂ ಸರಾಸರಿ ಲೀಟರಿಗೆ 1.5 ಮಿಲಿಮೋಲ್, ಇರಬೇಕಾದದ್ದು 2.2ಕ್ಕಿಂತ ಮೇಲೆ. ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೆ ಕುಗ್ಗುವ ಪ್ರಮಾಣ ಶೇಕಡ 28ಕ್ಕಿಂತ ಹೆಚ್ಚಿರಬೇಕು, ಇವರಲ್ಲಿ ಅದು ಶೇಕಡ 10ರ ಆಸುಪಾಸು. ಎಲ್ಲರೂ ದಕ್ಷಿಣ ಏಷ್ಯಾ ಮೂಲದ ಅಥವಾ ಕಪ್ಪು ಜನಾಂಗದ ಕುಟುಂಬದ ಮಕ್ಕಳು. 10 ಮಕ್ಕಳು ಆಸ್ಪತ್ರೆಗೆ ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ, ಫೆಬ್ರವರಿ ಮತ್ತು ಮೇ ನಡುವೆ.

ಆ ವರದಿಯಲ್ಲೇ ಇನ್ನೊಂದು ಮಾತಿದೆ, ಅದನ್ನು ನಾನು ಪ್ರತಿ ಹೊಸ ಡಾಕ್ಟರಿಗೂ ಹೇಳುತ್ತೇನೆ. ಬದುಕಿದ 13 ಮಕ್ಕಳೂ ಸುಧಾರಿಸಿಕೊಂಡವು. ಹೃದಯದ ಬಲ ಪೂರ್ತಿ ಮರಳಲು ಸರಾಸರಿ ಒಂದು ವರ್ಷ ಹಿಡಿಯಿತು. ಚಿಕ್ಕ ಮಕ್ಕಳಲ್ಲಿ ಡೈಲೇಟೆಡ್ ಕಾರ್ಡಿಯೊಮಯೋಪತಿಗೆ ಬೇರೆ ಕಾರಣಗಳಿದ್ದರೆ ಇಷ್ಟು ಭರವಸೆಯ ಮಾತು ತಾಯಿತಂದೆಗೆ ಹೇಳುವುದು ಕಷ್ಟ. ಇಲ್ಲಿ ಹೇಳಬಹುದು. ಅಂದರೆ ನಾವು ಗುರುತಿಸದೆ ಬಿಡುತ್ತಿರುವುದು ಗುಣವಾಗುವ ಕಾಯಿಲೆಯನ್ನು. ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಡಾಕ್ಟರುಗಳಿಗೆ ಒಂದೆರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹೃದಯ ಹಿಗ್ಗಿದ ಕೂಸು ಬಂದರೆ ಎಕೋ ಮಾಡುವವರು ಎಡ ಕೊರೊನರಿ ರಕ್ತನಾಳ ಸರಿಯಾದ ಜಾಗದಿಂದ ಹೊರಟಿದೆಯಾ ಅಂತ ನೋಡುತ್ತಾರೆ, ನೋಡಲೇಬೇಕು, ಅದು ಶ್ವಾಸಕೋಶದ ರಕ್ತನಾಳದಿಂದ ಹೊರಟಿದ್ದರೂ ಇದೇ ವಯಸ್ಸಿನಲ್ಲಿ ಇದೇ ಥರ ಕಾಣಿಸುತ್ತದೆ. ಅಷ್ಟೇ ಕಡ್ಡಾಯವಾಗಿ ಕ್ಯಾಲ್ಸಿಯಂ, ಫಾಸ್ಫರಸ್, ಮೆಗ್ನೀಸಿಯಂ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್, ವಿಟಮಿನ್ ಡಿ ಹೋಗಲಿ. ವಿಟಮಿನ್ ಡಿ ರಿಪೋರ್ಟಿಗೆ ಕಾಯಬೇಡಿ, ಅದು ಬರಲು ದಿನಗಳಾಗಬಹುದು. ಕ್ಯಾಲ್ಸಿಯಂ ನಿಮಿಷಗಳಲ್ಲಿ ಸಿಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದ ಆಗಿದೆಯಾ ಅಳೆಯಿರಿ. ಎದೆಯ ಎಕ್ಸ್‌ರೇ ಹೇಗೂ ತೆಗೆದಿರುತ್ತೀರಿ, ಹೃದಯದ ಗಾತ್ರ ನೋಡಿ ಫಿಲ್ಮ್ ಕೆಳಗಿಡುವ ಮೊದಲು ಪಕ್ಕೆಲುಬಿನ ಮುಂದಿನ ತುದಿ ಉಬ್ಬಿದೆಯಾ, ತೋಳಿನ ಮೂಳೆಯ ತುದಿ ಮಸುಕಾಗಿ ಹರಿದ ಬಟ್ಟೆಯ ಅಂಚಿನ ಹಾಗೆ ಕಾಣುತ್ತಿದೆಯಾ ನೋಡಿ. ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆಸಿ. ಅದು ಸರಿ ಇದ್ದರೂ ಕ್ಯಾಲ್ಸಿಯಂ ಕಮ್ಮಿ ಇರಬಹುದು, ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ.

ಫಿಟ್ಸ್ ಬಂದ ಕೂಸಿಗೂ ಇದೇ ಮಾತು. ಜ್ವರ ಇಲ್ಲದೆ ಫಿಟ್ಸ್, ಉಸಿರು ಎಳೆಯುವಾಗ ಗಂಟಲಲ್ಲಿ ಕೀರಲು ಸದ್ದು, ಕೈಕಾಲು ಅದುರುವುದು, ಇದ್ದಕ್ಕಿದ್ದಂತೆ ಉಸಿರು ನಿಲ್ಲುವುದು, ಇವೆಲ್ಲ ಕ್ಯಾಲ್ಸಿಯಂ ಇಳಿದಾಗ ಆಗುತ್ತವೆ. ಫಿಟ್ಸ್ ಅಂತ ಬಂದ ಮಗುವಿನ ಕ್ಯಾಲ್ಸಿಯಂ ಕಮ್ಮಿ ಅಂತ ಗೊತ್ತಾದ ಮೇಲೆ ಒಂದು ಎಕೋ ಮಾಡಿಸಿ. ಮೆದುಳಿನ ಲಕ್ಷಣ ಎದ್ದು ಕಾಣುತ್ತಿರುವಾಗ ಹೃದಯವೂ ಸೋಲುತ್ತಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ಚಿಕಿತ್ಸೆಯಲ್ಲಿ ಎಚ್ಚರಿಕೆಯಿಂದ ಹೆಜ್ಜೆ ಇಡಬೇಕಾದ ಜಾಗಗಳಿವೆ. ಕ್ಯಾಲ್ಸಿಯಂ ಗ್ಲುಕೊನೇಟನ್ನು ರಕ್ತನಾಳಕ್ಕೆ ನಿಧಾನವಾಗಿ, ಮಾನಿಟರ್ ಮೇಲೆ ಕಣ್ಣಿಟ್ಟು ಕೊಡಬೇಕು. ಬೇಗ ಹೋದರೆ ಬಡಿತ ನಿಧಾನವಾಗುತ್ತದೆ, ನಿಲ್ಲಲೂಬಹುದು. ಸೂಜಿ ರಕ್ತನಾಳದಿಂದ ಜಾರಿ ಹೊರಗೆ ಸೋರಿದರೆ ಆ ಜಾಗದ ಚರ್ಮವೇ ಸುಟ್ಟ ಹಾಗಾಗುತ್ತದೆ, ಆದ್ದರಿಂದ ಗಟ್ಟಿ ರಕ್ತನಾಳ ಹುಡುಕಿ, ಪ್ರತಿ ಸಲ ಜಾಗ ಮುಟ್ಟಿ ನೋಡಿ. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಮತ್ತು ಕ್ಯಾಲ್ಸಿಯಂ ಒಂದೇ ಲೈನಿನಲ್ಲಿ ಸೇರಬಾರದು, ಎಳೆಗೂಸುಗಳಲ್ಲಂತೂ ಅವೆರಡು ಒಟ್ಟಿಗೆ ಬೇಡವೇ ಬೇಡ. ನ್ಯುಮೋನಿಯಾ ಅಂತ ಮೊದಲೇ ಆಂಟಿಬಯೋಟಿಕ್ ಶುರುವಾಗಿರುವ ಮಗುವಿನಲ್ಲಿ ಇದನ್ನು ಮರೆಯುವುದು ಸುಲಭ. ಹೃದಯದ ಔಷಧಿ ಡಿಗಾಕ್ಸಿನ್ ಕೊಟ್ಟ ಮಗುವಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಡುವುದು ಅಪಾಯ. ಫ್ರುಸೆಮೈಡ್ ಅನ್ನುವ ಔಷಧಿ ಮೈಯಲ್ಲಿ ತುಂಬಿದ ನೀರು ಇಳಿಸುವಾಗ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಹೊರಗೆ ಕಳಿಸುತ್ತದೆ. ಅದು ಬೇಕಾಗಬಹುದು, ಆದರೆ ಕ್ಯಾಲ್ಸಿಯಂ ನೋಡಿಕೊಳ್ಳದೆ ಅದನ್ನೇ ಏರಿಸುತ್ತಾ ಹೋದರೆ ಮಗು ಇನ್ನೂ ಕುಸಿಯುತ್ತದೆ. ಹೃದಯಕ್ಕೆ ಬಲ ಕೊಡುವ ಡ್ರಿಪ್‌ಗಳನ್ನು ಎಷ್ಟು ಏರಿಸಿದರೂ ಮಗು ಸ್ಪಂದಿಸುತ್ತಿಲ್ಲ ಅನ್ನುವಾಗ ಕ್ಯಾಲ್ಸಿಯಂ ಸರಿಮಾಡಿದ್ದೇವಾ ಅಂತ ಕೇಳಿಕೊಳ್ಳಿ. ವಿಟಮಿನ್ ಡಿ ಮಾತ್ರ ಕೊಟ್ಟು ಕ್ಯಾಲ್ಸಿಯಂ ಬಿಟ್ಟರೆ ಹಸಿದ ಮೂಳೆಗಳು ರಕ್ತದಲ್ಲಿರುವುದನ್ನೂ ಎಳೆದುಕೊಳ್ಳುತ್ತವೆ. ಎರಡೂ ಒಟ್ಟಿಗೆ ಹೋಗಬೇಕು. ಮಗುವಿಗೆ ಕೊರತೆ ಅಂತ ಗೊತ್ತಾದ ದಿನವೇ ತಾಯಿಯನ್ನೂ ಮನೆಯ ಇತರ ಮಕ್ಕಳನ್ನೂ ನೋಡಿ.

ಈಗ ತಾಯಂದಿರ ವಿಷಯ. ಇದನ್ನು ಅವಸರದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ವಿಟಮಿನ್ ಡಿ ಕಮ್ಮಿ ಇತ್ತು ಅಂತ ಗೊತ್ತಾದ ಮೇಲೆ ವಾರ್ಡಿನಲ್ಲಿ ಯಾರಾದರೊಬ್ಬರು ತಾಯಿಯನ್ನು ಕೇಳುತ್ತಾರೆ, ಬರೀ ಎದೆಹಾಲಾ ಕೊಡ್ತಿದ್ದದ್ದು ಅಂತ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ತನ್ನ ಹಾಲೇ ಮಗುವಿನ ಹೃದಯ ಕೆಡಿಸಿತು ಅಂತ ಆಕೆಗೆ ಕೇಳಿಸುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ. ಎದೆಹಾಲಿನಲ್ಲಿ ವಿಟಮಿನ್ ಡಿ ಸಾಮಾನ್ಯವಾಗಿ ಎಲ್ಲ ತಾಯಂದಿರಲ್ಲೂ ಕಮ್ಮಿಯೇ, ಆರೋಗ್ಯವಾಗಿರುವ ತಾಯಿಯಲ್ಲೂ ಒಂದು ಲೀಟರಿಗೆ ನೂರು ಯೂನಿಟ್ ಕೂಡ ದಾಟುವುದು ಅಪರೂಪ. ಮಗು ದಿನಕ್ಕೆ ಕುಡಿಯುವುದು ಮುಕ್ಕಾಲು ಲೀಟರಿನ ಆಸುಪಾಸು. ಬೇಕಾಗಿರುವುದು ದಿನಕ್ಕೆ 400 ಯೂನಿಟ್. ಲೆಕ್ಕ ನಿಮ್ಮ ಮುಂದೆಯೇ ಇದೆ. ಇದು ಆ ತಾಯಿ ಏನು ತಿಂದಳು, ಏನು ಬಿಟ್ಟಳು ಅನ್ನುವ ಪ್ರಶ್ನೆಯೇ ಅಲ್ಲ. ಎದೆಹಾಲು ನಿಲ್ಲಿಸಿ ಪುಡಿ ಹಾಲಿಗೆ ಹೋಗಿ ಅನ್ನುವ ಸಲಹೆ ಇನ್ನೂ ದೊಡ್ಡ ತಪ್ಪು. ಎದೆಹಾಲು ಮುಂದುವರಿಯಲಿ, ಜೊತೆಗೆ ಡ್ರಾಪ್ಸ್ ಸೇರಲಿ, ಅಷ್ಟೇ.

ಬಿಸಿಲಿನ ಮಾತೂ ಹೀಗೇ. ಮಗುವನ್ನು ಸ್ವಲ್ಪ ಬಿಸಿಲಿಗೆ ಹಿಡಿಯಿರಿ ಅಂತ ಹೇಳಿ ಕಳಿಸಿಬಿಡುವುದು ನಮಗೆ ಬಹಳ ಸಲೀಸು. ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ, ಮೈಯ ಎಷ್ಟು ಭಾಗ? ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಕಿಟಕಿಯ ಗಾಜು ದಾಟಿ ಬರುವುದಿಲ್ಲ, ಗಾಜಿನ ಹಿಂದೆ ಎಷ್ಟು ಹೊತ್ತು ಹಿಡಿದರೂ ಬೆಚ್ಚಗಾಗುತ್ತದೆ ಅಷ್ಟೇ. ಸೂರ್ಯ ಕೆಳಗಿದ್ದು ನೆರಳು ನಮಗಿಂತ ಉದ್ದ ಇರುವ ಹೊತ್ತಿನಲ್ಲಿ ಆ ಕಿರಣ ತೀರಾ ಕಮ್ಮಿ. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಜಾಸ್ತಿ ಹೊತ್ತು ಬೇಕು. ಮೋಡ, ಹೊಗೆ, ಚಳಿಗಾಲ, ಮೈತುಂಬ ಬಟ್ಟೆ, ಒಂದೊಂದೂ ಕಡಿಮೆ ಮಾಡುತ್ತಲೇ ಹೋಗುತ್ತದೆ. ಕಿರಣ ಜಾಸ್ತಿ ಇರುವ ನಡುಮಧ್ಯಾಹ್ನದ ಬಿಸಿಲಿಗೆ ಆರು ತಿಂಗಳ ಒಳಗಿನ ಎಳೆಯ ಚರ್ಮವನ್ನು ನೇರವಾಗಿ ಒಡ್ಡುವುದು ಬೇಡ ಅಂತ ನಾವೇ ಹೇಳುತ್ತೇವೆ. ಹಾಗಿದ್ದ ಮೇಲೆ ಬಿಸಿಲನ್ನು ನಂಬಿ ಕೂರಿ ಅಂತ ಒಂದು ಕುಟುಂಬಕ್ಕೆ ಹೇಳುವುದು ಹೇಗೆ? ಬಿಸಿಲಿಗೆ ಡೋಸ್ ಬರೆಯಲು ಆಗುವುದಿಲ್ಲ. ಹನಿಗೆ ಆಗುತ್ತದೆ.

ಆ ಡೋಸ್ ಏನು ಅನ್ನುವುದರಲ್ಲೂ ಈಗ ದೊಡ್ಡ ಜಗಳ ಉಳಿದಿಲ್ಲ. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪೌಷ್ಟಿಕಾಂಶ ಕೊರತೆಯ ರಿಕೆಟ್ಸ್ ಬಗ್ಗೆ ಜಾಗತಿಕ ಒಮ್ಮತದ ಶಿಫಾರಸು ಪ್ರಕಟಿಸಿದರು. ಹುಟ್ಟಿದಾಗಿನಿಂದ 12 ತಿಂಗಳವರೆಗೆ ಪ್ರತಿ ಮಗುವಿಗೂ, ಎದೆಹಾಲಾಗಲಿ ಬೇರೆ ಹಾಲಾಗಲಿ, ದಿನಕ್ಕೆ 400 ಯೂನಿಟ್, ಅಂದರೆ 10 ಮೈಕ್ರೋಗ್ರಾಂ. ಗರ್ಭಿಣಿಯರಿಗೆ ದಿನಕ್ಕೆ 600 ಯೂನಿಟ್. ರಿಕೆಟ್ಸ್ ಬಂದುಬಿಟ್ಟಿದ್ದರೆ ದಿನಕ್ಕೆ ಕನಿಷ್ಠ 2000 ಯೂನಿಟ್, ಕನಿಷ್ಠ ಮೂರು ತಿಂಗಳು, ಜೊತೆಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಇಷ್ಟು ಸ್ಪಷ್ಟವಾಗಿದೆ.

ಹಾಗಾದರೆ ಮಕ್ಕಳು ಯಾಕೆ ಇನ್ನೂ ಹೀಗೆ ಬರುತ್ತಿವೆ? ಶಿಫಾರಸು ಕಾಗದದಲ್ಲಿದೆ, ಬಾಟಲಿ ಮನೆಯಲ್ಲಿಲ್ಲ, ಅದಕ್ಕೆ. ಹೆರಿಗೆಯಾಗಿ ಮನೆಗೆ ಹೊರಟ ತಾಯಿಯ ಕೈಯಲ್ಲಿ ಹತ್ತು ಕಾಗದ ಇಡುತ್ತೇವೆ. ಆಕೆಗೆ ನಿದ್ದೆ ಇಲ್ಲ, ಹೊಲಿಗೆ ನೋಯುತ್ತಿದೆ, ಮಗು ಅಳುತ್ತಿದೆ. ಆ ಕಾಗದಗಳಲ್ಲಿ ಎಲ್ಲೋ ಒಂದು ಸಾಲು, ವಿಟಮಿನ್ ಡಿ ಹನಿ ಹಾಕಿ ಅಂತ. ಅದು ಔಷಧಿಯೋ ಟಾನಿಕ್ಕೋ, ಬೇಕೇ ಬೇಕೋ, ಬೇಕಿದ್ದರೆ ಮಾತ್ರವೋ, ಯಾರೂ ಹೇಳಿರುವುದಿಲ್ಲ. ಬಾಟಲಿ ತಂದವರೂ ಅದು ಮುಗಿದ ಮೇಲೆ ಇನ್ನೊಂದು ತರುವುದಿಲ್ಲ, ಮಗು ಚೆನ್ನಾಗಿದೆಯಲ್ಲ ಅಂತ. ಅವರದ್ದೇನು ತಪ್ಪು? ಇದು ಹೃದಯಕ್ಕೆ ಸಂಬಂಧಿಸಿದ್ದು ಅಂತ ಅವರಿಗೆ ಒಬ್ಬರಾದರೂ ಹೇಳಿದ್ದಾರಾ?

ಮಾಡಿ ತೋರಿಸಿದ ದೇಶ ಇದೆ. ಟರ್ಕಿಯಲ್ಲಿ 2005ರಿಂದ ಹುಟ್ಟಿದ ಎಲ್ಲ ಮಕ್ಕಳಿಗೆ ವಿಟಮಿನ್ ಡಿ ಹನಿಯನ್ನು ಉಚಿತವಾಗಿ ಕೊಡುವ ಕಾರ್ಯಕ್ರಮ ಶುರುವಾಯಿತು. ಆ ದೇಶದ ಪೂರ್ವ ಭಾಗದಲ್ಲಿ ಮೂರು ವರ್ಷದೊಳಗಿನ ಮಕ್ಕಳಲ್ಲಿ 1998ರಲ್ಲಿ ಶೇಕಡ 6ರಷ್ಟಿದ್ದ ರಿಕೆಟ್ಸ್ 2008ಕ್ಕೆ ಶೇಕಡ 0.1ಕ್ಕೆ ಇಳಿಯಿತು. ಹನಿಯನ್ನು ಮನೆಯವರೆಗೆ ತಲುಪಿಸಿದರು, ಅಷ್ಟೇ ಮಾಡಿದ್ದು.

ಅಧಿಕಾರಿಗಳೇ, ನಿಮ್ಮಲ್ಲಿ ನಾನು ಕೇಳುವುದೂ ಅದನ್ನೇ. ಡಿಸ್ಚಾರ್ಜ್ ಆಗುವಾಗ ಬಾಟಲಿ ತಾಯಿಯ ಕೈಯಲ್ಲಿರಲಿ, ಹಣ ಕೇಳದೆ. ಮೊದಲ ಡೋಸನ್ನು ನರ್ಸ್ ಆಕೆಯ ಕೈಯಿಂದಲೇ ಹಾಕಿಸಿ ತೋರಿಸಲಿ. ಲಸಿಕೆಗೆ ಬಂದಾಗಲೆಲ್ಲ ತೂಕ ನೋಡುವ ಹಾಗೆ ಹನಿ ಹಾಕ್ತಿದ್ದೀರಾ, ಬಾಟಲಿ ಮುಗಿದಿದೆಯಾ ಅಂತ ಕೇಳಲಿ, ಮುಗಿದಿದ್ದರೆ ಅಲ್ಲೇ ಇನ್ನೊಂದು ಕೊಡಲಿ. ಲಸಿಕೆ ಕಾರ್ಡಿನಲ್ಲಿ ಅದಕ್ಕೊಂದು ಖಾನೆ ಇರಲಿ. ಖಾನೆ ಇದ್ದರೆ ಕೇಳುತ್ತಾರೆ, ಇಲ್ಲದಿದ್ದರೆ ಮರೆಯುತ್ತಾರೆ, ಇದು ನನ್ನ ಅನುಭವ. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಕೊಡುವಷ್ಟೇ ಗಟ್ಟಿಯಾಗಿ ವಿಟಮಿನ್ ಡಿ ಕೂಡ ತಲುಪಲಿ.

ಬಾಟಲಿಯ ಬಗ್ಗೆಯೇ ಒಂದು ಎಚ್ಚರಿಕೆ ಹೇಳದಿದ್ದರೆ ಈ ಪತ್ರ ಅಪಾಯ ಮಾಡಬಹುದು. ಒಂದು ಕಂಪನಿಯ ಬಾಟಲಿಯಲ್ಲಿ 400 ಯೂನಿಟ್ ಅಂದರೆ ಒಂದು ಎಂಎಲ್. ಇನ್ನೊಂದರಲ್ಲಿ ಅರ್ಧ ಎಂಎಲ್. ಮತ್ತೊಂದರಲ್ಲಿ ಬರೀ ಒಂದು ಹನಿ. ಬಾಟಲಿಗಳು ನೋಡಲು ಒಂದೇ ಥರ, ಮುಚ್ಚಳದ ಡ್ರಾಪರ್ ಕೂಡ ಒಂದೇ ಥರ. ಒಂದು ಹನಿ ಸಾಕಾಗುವ ಬಾಟಲಿಯಿಂದ ಡ್ರಾಪರ್ ತುಂಬಾ ಹಾಕಿದರೆ ಮಗುವಿಗೆ ಹತ್ತಾರು ಪಟ್ಟು ಹೋಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಡ್ರಾಪರ್ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು. ಜಾಸ್ತಿ ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ವಾಂತಿ, ಮಲಬದ್ಧತೆ, ಮೈಯ ನೀರು ಒಣಗುವುದು, ಕೊನೆಗೆ ಕಿಡ್ನಿಗೆ ಪೆಟ್ಟು. ದೊಡ್ಡವರಿಗಾಗಿ ಮಾಡಿದ ಜಾಸ್ತಿ ಪವರಿನ ದ್ರವವನ್ನು ಕೂಸಿಗೆ ದಿನಾ ಕುಡಿಸುವುದಂತೂ ಬೇಡವೇ ಬೇಡ. ಇದಕ್ಕೆ ಪರಿಹಾರ ಹೆದರಿ ಹನಿ ನಿಲ್ಲಿಸುವುದಲ್ಲ. ಕೂಸುಗಳ ಹನಿಗೆ ಒಂದೇ ಅಳತೆ ಮಾಡಿ, 400 ಯೂನಿಟ್‌ಗೆ ಡ್ರಾಪರ್ ಮೇಲೆ ಒಂದೇ ಗೆರೆ ಹಾಕಿಸಿ, ಅದಕ್ಕಿಂತ ಜಾಸ್ತಿ ತುಂಬದ ಡ್ರಾಪರ್ ಮಾಡಿಸಿ. ಇದು ನಿಮ್ಮ ಒಂದು ಆದೇಶದಿಂದ ಆಗುವ ಕೆಲಸ. ತಾಯಿತಂದೆಯರೇ, ಬಾಟಲಿ ಬದಲಾದಾಗಲೆಲ್ಲ ಹಳೆಯದರಲ್ಲಿ ಎಷ್ಟು ಹಾಕುತ್ತಿದ್ದೆವೋ ಅಷ್ಟೇ ಅಂದುಕೊಳ್ಳಬೇಡಿ, ಹೊಸ ಬಾಟಲಿಯನ್ನು ಔಷಧಿ ಅಂಗಡಿಯವರಿಗೋ ನರ್ಸಿಗೋ ತೋರಿಸಿ 400 ಯೂನಿಟ್ ಅಂದರೆ ಇದರಲ್ಲಿ ಎಷ್ಟು ಅಂತ ಕೇಳಿ. ಮಗು ಹಾಲು ಕುಡಿಯುವಾಗ ಬೆವರುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ತೂಕ ಏರದಿದ್ದರೆ ಮನೆಯಲ್ಲಿ ಹನಿ ಹಾಕಿ ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಕೊನೆಗೆ, ತೀರಿಕೊಂಡ ಮಕ್ಕಳ ವಿಷಯ. ಒಂದು ಕೂಸು ಹೃದಯ ಹಿಗ್ಗಿ ತೀರಿಹೋದಾಗ ಕಾರಣ ಅನ್ನುವ ಜಾಗದಲ್ಲಿ ಕಾರ್ಡಿಯೊಮಯೋಪತಿ ಅಂತ ಬರೆದು ಫೈಲ್ ಮುಚ್ಚುತ್ತೇವೆ. ಅದು ಹೃದಯದ ಸ್ಥಿತಿ ಹೇಳುತ್ತದೆಯೇ ಹೊರತು ಯಾಕೆ ಹಾಗಾಯಿತು ಅಂತ ಹೇಳುವುದಿಲ್ಲ. ಕ್ಯಾಲ್ಸಿಯಂ ನೋಡದೆ ಬರೆದ ಆ ಪದದ ಹಿಂದೆ ಎಷ್ಟು ರಿಕೆಟ್ಸ್ ಅಡಗಿದೆ ಅಂತ ಲೆಕ್ಕ ಹಾಕಲು ಯಾರಿಗೂ ದಾರಿ ಇಲ್ಲ. ಲೆಕ್ಕ ಇಲ್ಲದ್ದಕ್ಕೆ ಯೋಜನೆಯೂ ಇಲ್ಲ, ಹಣವೂ ಇಲ್ಲ. ಒಂದು ವರ್ಷದೊಳಗಿನ ಯಾವ ಮಗು ಹೃದಯ ವೈಫಲ್ಯದಿಂದ ಸತ್ತರೂ ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟಿತ್ತು ಅಂತ ದಾಖಲೆಯಲ್ಲಿ ಕಡ್ಡಾಯ ಮಾಡಿ. ಶವಪರೀಕ್ಷೆ ಆಗುವುದಾದರೆ ಪಕ್ಕೆಲುಬಿನ ತುದಿ, ಮೂಳೆ ಬೆಳೆಯುವ ಜಾಗ ನೋಡಲಿ. ಕೊರತೆ ಇತ್ತು ಅಂತ ಗೊತ್ತಾದರೆ ಆ ತಾಯಿಗೆ ಹೇಳಿ, ಮೆತ್ತಗೆ ಹೇಳಿ, ತಪ್ಪು ಆಕೆಯದಲ್ಲ ಅಂತ ಮೊದಲು ಹೇಳಿ. ಆಕೆಗೆ ಮುಂದೆ ಇನ್ನೊಂದು ಮಗು ಆಗಬಹುದು, ಆ ಮಗುವಿಗೆ ಹೊಟ್ಟೆಯಲ್ಲಿರುವಾಗಿನಿಂದಲೇ ವಿಟಮಿನ್ ಡಿ ಸಿಗಬೇಕು.

ಇಂತಿ,
ಮಕ್ಕಳ ಐಸಿಯುವಿನ ಒಬ್ಬ ಡಾಕ್ಟರು